ಬೆಟ್ಟದಲ್ಲಿ ಒಂದು ಶುಕ್ರವಾರ

ವೈದ್ಯಕೀಯ ಶಿಬಿರಗಳಿಗೆ ಹೋಗಿ ಬಂದವರು ಸಾಮಾನ್ಯವಾಗಿ ಕೆಲಸದ ದಿನಗಳ ಕುರಿತು ಬರೆಯುತ್ತಾರೆ. ಎಷ್ಟು ಮಂದಿಯನ್ನು ಪರೀಕ್ಷಿಸಿದೆವು, ಎಷ್ಟು ಔಷಧ ಹಂಚಿದೆವು, ಎಷ್ಟು ಜನರನ್ನು ದೊಡ್ಡ ಆಸ್ಪತ್ರೆಗೆ ಕಳುಹಿಸಿದೆವು ಎಂಬ ಲೆಕ್ಕಗಳು ಅಲ್ಲಿರುತ್ತವೆ. ಅವು ಇರಬೇಕಾದದ್ದೂ ಹೌದು. ಔಷಧಕ್ಕೆ ಹಣ ಕೊಟ್ಟವರಿಗೆ ಲೆಕ್ಕ ಒಪ್ಪಿಸುವುದು ಅಮಾನತ್‌ನ ಭಾಗ. ನಾನು ಇಲ್ಲಿ ಬರೆಯಲು ಹೊರಟಿರುವುದು ಒಬ್ಬ ರೋಗಿಯನ್ನೂ ನೋಡದ ಒಂದು ದಿನದ ಕುರಿತು.

ಜನವರಿಯ ಒಂದು ವಾರ ನಾವು ಎಂಟು ಮಂದಿ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿದ್ದೆವು. ಜಯನಗರ, ಬನಶಂಕರಿ, ಬಿ.ಟಿ.ಎಂ. ಲೇಔಟ್‌ಗಳ ಐವರು ವೈದ್ಯರು, ಇಬ್ಬರು ನರ್ಸ್‌ಗಳು, ಔಷಧದ ಪೆಟ್ಟಿಗೆಗಳನ್ನು ನೋಡಿಕೊಳ್ಳುವ ಒಬ್ಬ ಯುವಕ. ನಮ್ಮದು ಯಾವ ಸಂಸ್ಥೆಯೂ ಅಲ್ಲ. ವರ್ಷಕ್ಕೊಮ್ಮೆ ಕೂಡುವ ಪರಿಚಿತರ ಗುಂಪು. ಬನಶಂಕರಿಯಿಂದ ಕನಕಪುರ ರಸ್ತೆ ಹಿಡಿದು ಮಳವಳ್ಳಿ, ಕೊಳ್ಳೇಗಾಲ, ಯಳಂದೂರು ದಾಟಿದರೆ ಸುಮಾರು 180 ಕಿಲೋಮೀಟರ್. ನಮ್ಮ ನಗರದವರಿಗೆ ಅದು ವಾರಾಂತ್ಯದ ವಿಹಾರದ ದೂರ. ಆದರೆ ಅರಣ್ಯದ ತನಿಖಾ ಠಾಣೆ ದಾಟಿ, ಸೋಲಿಗರ ಒಂದು ಪೋಡನ್ನು ತಲುಪಿ, ಅಲ್ಲಿ ರಾತ್ರಿ ಹತ್ತಕ್ಕೆ ಒಬ್ಬ ಗರ್ಭಿಣಿಗೆ ನೋವು ಕಾಣಿಸಿಕೊಂಡರೆ ಏನು ಮಾಡಬೇಕೆಂದು ಯೋಚಿಸಿದಾಗ ಆ ದೂರ ಬೇರೆಯೇ ಆಗುತ್ತದೆ. 1974ರಲ್ಲಿ ವನ್ಯಜೀವಿಧಾಮವಾದ ಈ ಕಾಡು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಸೋಲಿಗರಿಗೆ ತಮ್ಮ ಕಾಡಿನ ಮೇಲಿನ ಸಮುದಾಯ ಹಕ್ಕು ಕಾನೂನಿನ ಪ್ರಕಾರ ದೊರೆಯಿತು. ಎರಡೂ ಒಂದೇ ವರ್ಷದಲ್ಲಿ ನಡೆದದ್ದು ಅಲ್ಲಿನ ಬದುಕಿನ ಬಿಕ್ಕಟ್ಟನ್ನು ಚೆನ್ನಾಗಿಯೇ ಹೇಳುತ್ತದೆ.

ಈ ಬೆಟ್ಟಕ್ಕೆ ವೈದ್ಯರು ಹೊಸಬರಲ್ಲ. ಬೆಂಗಳೂರು ವೈದ್ಯಕೀಯ ಕಾಲೇಜಿನಲ್ಲಿ ಓದಿದ ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಇಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದರು. 1994ರಲ್ಲಿ ಅವರಿಗೂ ಕೇಂದ್ರಕ್ಕೂ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂದಿತು. ಅವರೇ 1986ರಲ್ಲಿ ಯಳಂದೂರು ತಾಲ್ಲೂಕಿನ ಕುಷ್ಠರೋಗಿಗಳ ಸೇವೆಗೆಂದು ಆರಂಭಿಸಿದ ಕರುಣಾ ಟ್ರಸ್ಟ್, ಬೆಟ್ಟದ ತಪ್ಪಲಿನ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು 1996ರಿಂದ ಸರ್ಕಾರದ ಪರವಾಗಿ ನಡೆಸತೊಡಗಿತು. ಒಂದು ವಾರಕ್ಕೆ ಬಂದು ಹೋಗುವ ನಮ್ಮಂಥವರ ಕೆಲಸ, ಅಲ್ಲಿಯೇ ನೆಲೆ ನಿಂತವರ ಕೆಲಸದ ಬದಿಯಲ್ಲಿ ಇಡುವ ಒಂದು ಸಣ್ಣ ಕಲ್ಲು. ಇದನ್ನು ವಿನಯಕ್ಕಾಗಿ ಹೇಳುತ್ತಿಲ್ಲ. ಮುಂದಿನ ಮಾತುಗಳಿಗೆ ಇದು ಬೇಕು.

ನಮ್ಮ ವೇಳಾಪಟ್ಟಿಯಲ್ಲಿ ಮಂಗಳವಾರದಿಂದ ಶನಿವಾರದವರೆಗೆ ಶಿಬಿರವಿತ್ತು. ಶುಕ್ರವಾರದ ಎದುರಿಗೆ ಮಾತ್ರ ಒಂದೇ ಪದ: ವಿಶ್ರಾಂತಿ. ಅದನ್ನು ಬರೆದವರು ತಂಡದ ಹಿರಿಯರು, ಬನಶಂಕರಿಯ ನಿವೃತ್ತ ಶಸ್ತ್ರಚಿಕಿತ್ಸಕರು. ಎಪ್ಪತ್ತರ ಸಮೀಪದ ವಯಸ್ಸು, ಮಿತವಾದ ಮಾತು. "ಮೂರು ದಿನ ದುಡಿದವರು ನಾಲ್ಕನೆಯ ದಿನವೂ ದುಡಿದರೆ ಐದನೆಯ ದಿನ ತಪ್ಪು ಮಾತ್ರೆ ಬರೆಯುತ್ತಾರೆ" ಎಂಬುದು ಅವರ ನಿಯಮ. ಆ ದಿನ ಶುಕ್ರವಾರವೇ ಇರಲೆಂದು ನಿರ್ಧರಿಸಿದವರೂ ಅವರೇ. "ನಿಮ್ಮಿಬ್ಬರಿಗೂ ಅದು ರಜೆಯ ದಿನ ಅಲ್ಲವೇನಮ್ಮಾ?" ಎಂದು ನನ್ನನ್ನು ಕೇಳಿದರು. ತಂಡದಲ್ಲಿ ಮುಸ್ಲಿಮರು ಇಬ್ಬರು: ನಾನು ಮತ್ತು ಗುರಪ್ಪನಪಾಳ್ಯದ ಒಬ್ಬ ತರುಣ ದಂತವೈದ್ಯ.

ಅವರ ಸೌಜನ್ಯಕ್ಕೆ ವಂದಿಸಿ, ಶುಕ್ರವಾರ ನಮಗೆ ರಜೆಯ ದಿನವಲ್ಲ ಸರ್ ಎಂದೆ. ಅವರಿಗೆ ಆಶ್ಚರ್ಯವಾಯಿತು. ನಮ್ಮವರಲ್ಲಿಯೂ ಅನೇಕರಿಗೆ ಈ ವಿಷಯ ಸ್ಪಷ್ಟವಿರುವುದಿಲ್ಲ. ಜುಮುಆದ ಕರೆ ಕೇಳಿದಾಗ ವ್ಯಾಪಾರವನ್ನು ಬಿಟ್ಟು ಅಲ್ಲಾಹನ ಸ್ಮರಣೆಯತ್ತ ಧಾವಿಸಬೇಕೆಂದು ಹೇಳುವ ಕುರ್‌ಆನ್, ನಮಾಝ್ ಮುಗಿದೊಡನೆ ಭೂಮಿಯಲ್ಲಿ ಚದುರಿ ಅವನ ಅನುಗ್ರಹವನ್ನು ಅರಸಿರಿ ಎಂದೂ ಹೇಳುತ್ತದೆ. ಅಂದರೆ ಶುಕ್ರವಾರ ಕೆಲಸದ ನಡುವೆ ನಿಲ್ಲುವ ದಿನ. ಕೆಲಸವೇ ನಿಷಿದ್ಧವಾದ ದಿನವಲ್ಲ. ಸೃಷ್ಟಿಯ ಬಳಿಕ ಸೃಷ್ಟಿಕರ್ತನಿಗೆ ದಣಿವು ತಾಗಲಿಲ್ಲವೆಂದು ಸೂರಃ ಕಾಫ್ ಸ್ಪಷ್ಟವಾಗಿ ಸಾರುತ್ತದೆ. ದಣಿವು ನಮ್ಮದು, ಸೃಷ್ಟಿಗಳದು. ಹಾಗಾದರೆ ನಮ್ಮ ವಿಶ್ರಾಂತಿಗೆ ಆಧಾರ ಯಾವುದು? ಆ ದಿನವಿಡೀ ಈ ಪ್ರಶ್ನೆ ನನ್ನೊಡನಿತ್ತು.

ಮೊದಲ ಮೂರು ದಿನಗಳ ಕುರಿತು ಎರಡೇ ಮಾತು. ದಿನಕ್ಕೆ ನೂರಕ್ಕೂ ಮೀರಿ ಜನ ಬಂದರು. ಬಂದವರಲ್ಲಿ ವೃದ್ಧರು ಮತ್ತು ಮಕ್ಕಳೇ ಹೆಚ್ಚು. ದುಡಿಯುವ ವಯಸ್ಸಿನ ಹೆಂಗಸರು ತೀರಾ ಕಡಿಮೆ. ಬಂದ ಕೆಲವರು ಒಂದು ದಿನದ ಕೂಲಿ ಬಿಟ್ಟು ಬಂದಿದ್ದರು. ಸೊಂಟ ನೋವು, ಮಂಡಿ ನೋವು, ಕಜ್ಜಿ, ರಕ್ತದೊತ್ತಡ, ಎಲ್ಲಕ್ಕಿಂತ ಹೆಚ್ಚಾಗಿ ರಕ್ತಹೀನತೆ. ಚೀಟಿಗಳಲ್ಲಿ ಮಾತ್ರೆಯ ಹೆಸರಿನ ಕೆಳಗೆ ನಾವು ಮತ್ತೆ ಮತ್ತೆ ಬರೆದ ಪದವೊಂದಿತ್ತು. ಅದೂ 'ವಿಶ್ರಾಂತಿ'ಯೇ.

ಬುಧವಾರ ಬಂದ ಒಬ್ಬ ಹುಡುಗಿಗೂ ಅದನ್ನೇ ಬರೆದಿದ್ದೆ. ಹದಿನೇಳರ ವಯಸ್ಸು. ಕುಡುಗೋಲು ಕಣ ರಕ್ತಹೀನತೆ ಇದೆಯೆಂದು ಹಿಂದೆಯೇ ಪತ್ತೆಯಾಗಿತ್ತು. ಸೋಲಿಗರೂ ಸೇರಿದಂತೆ ಹಲವು ಬುಡಕಟ್ಟುಗಳಲ್ಲಿ ಕಾಣುವ ಈ ರೋಗ ಆನುವಂಶಿಕವಾದದ್ದು. ತಂದೆ ತಾಯಿ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಮಗುವಿಗೂ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ದುಂಡಗಿರಬೇಕಾದ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಆಗ ಮೂಳೆಗಳಲ್ಲಿ ಏಳುವ ನೋವನ್ನು ಅನುಭವಿಸಿದವರೇ ಬಲ್ಲರು. ಚಳಿ, ನೀರಿನ ಕೊರತೆ, ಅತಿಯಾದ ದೈಹಿಕ ಶ್ರಮ, ಈ ಮೂರೂ ಆ ನೋವನ್ನು ಕೆರಳಿಸುತ್ತವೆ. 2023ರ ಜುಲೈ 1ರಂದು ಕೇಂದ್ರ ಸರ್ಕಾರ ಆರಂಭಿಸಿದ ರಾಷ್ಟ್ರೀಯ ಅಭಿಯಾನವು 2047ರೊಳಗೆ ಈ ರೋಗವನ್ನು ನಿರ್ಮೂಲಗೊಳಿಸುವ ಗುರಿಯಿಟ್ಟುಕೊಂಡು, 40 ವರ್ಷದೊಳಗಿನ 7 ಕೋಟಿ ಜನರ ರಕ್ತಪರೀಕ್ಷೆಗೆ ಹೊರಟಿದೆ. ಹುಡುಗಿಗೆ ಔಷಧ ನಡೆಯುತ್ತಿತ್ತು. ನಾನು ಅದನ್ನೇ ಮುಂದುವರಿಸಿ, ಹೆಚ್ಚು ನೀರು, ಬೆಚ್ಚನೆಯ ಬಟ್ಟೆ, ವಿಶ್ರಾಂತಿ ಎಂದು ಬರೆದೆ. ಅವಳ ತಾಯಿ ಚೀಟಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಹೊರಟರು.

ಶುಕ್ರವಾರ ಫಜ್ರ್‌ನ ಹೊತ್ತಿಗೆ ಮಂಜು ಎಷ್ಟಿತ್ತೆಂದರೆ ಅತಿಥಿಗೃಹದ ಎದುರಿನ ಜೀಪು ಕಾಣುತ್ತಿರಲಿಲ್ಲ. ವುಝೂಗೆ ನೀರು ಮುಟ್ಟಿದ ಬೆರಳುಗಳು ಮರಗಟ್ಟಿದವು. ನಮಾಝ್ ಮುಗಿಸಿ ಕುಳಿತಾಗ ಮಾಡಲು ಏನೂ ಇಲ್ಲವೆಂಬುದು ಅರಿವಿಗೆ ಬಂತು. ಔಷಧದ ಪೆಟ್ಟಿಗೆಗಳಿಗೆ ಹಿರಿಯರು ಹಿಂದಿನ ರಾತ್ರಿಯೇ ಬೀಗ ಹಾಕಿ, ಕೀಲಿಯನ್ನು ತಮ್ಮ ಕೋಟಿನ ಜೇಬಿಗೆ ಹಾಕಿಕೊಂಡಿದ್ದರು. ನಮ್ಮನ್ನು ಅವರು ಚೆನ್ನಾಗಿ ಬಲ್ಲವರು!

ತರುಣ ದಂತವೈದ್ಯನಿಗೆ ಇದು ಸಹಿಸಲಿಲ್ಲ. "ಆಪಾ, ನಾವು ಇಲ್ಲಿಗೆ ಬಂದದ್ದು ಫೀ ಸಬೀಲಿಲ್ಲಾಹ್. ನಾಲ್ಕು ಕಿಲೋಮೀಟರ್ ಆಚೆ ಜನ ಹಲ್ಲುನೋವಿನಿಂದ ಕೂತಿದ್ದಾರೆ. ನಾವು ಇಲ್ಲಿ ಚಹಾ ಕುಡಿಯುತ್ತಾ ಮಂಜು ನೋಡುವುದೇ? ಇದಕ್ಕೆ ನಾಳೆ ಉತ್ತರ ಕೊಡಬೇಕಾಗುವುದಿಲ್ಲವೇ?" ಎಂದ. ಅವನ ಕಳವಳ ನನಗೆ ಇಷ್ಟವಾಯಿತು. ಆ ವಯಸ್ಸಿನಲ್ಲಿ ಇಂಥ ಪ್ರಶ್ನೆ ಏಳದಿದ್ದರೆ ಮುಂದೆ ಏಳುವುದೇ ಇಲ್ಲ. ಆದರೆ ಉತ್ತರಿಸಬೇಕಾದ ಪ್ರಶ್ನೆಗಳು ಒಂದೇ ಬದಿಯಲ್ಲಿ ಇರುವುದಿಲ್ಲ.

ವೈದ್ಯಶಾಸ್ತ್ರದ ಉತ್ತರ ಸರಳವಾದದ್ದು. 1997ರಲ್ಲಿ ಡ್ರೂ ಡಾಸನ್ ಮತ್ತು ಕ್ಯಾಥರಿನ್ ರೀಡ್ ಎಂಬ ಸಂಶೋಧಕರು 'ನೇಚರ್' ಪತ್ರಿಕೆಯಲ್ಲಿ ಒಂದು ಪುಟ್ಟ ಅಧ್ಯಯನವನ್ನು ಪ್ರಕಟಿಸಿದರು. ಸತತ 17 ಗಂಟೆ ಎಚ್ಚರವಿದ್ದವನ ಕೈ ಮತ್ತು ಬುದ್ಧಿಯ ಹೊಂದಾಣಿಕೆ, ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯವಿರುವವನ ಮಟ್ಟಕ್ಕೆ ಇಳಿಯುತ್ತದೆ ಎಂಬುದು ಅದರ ಸಾರ. ಮದ್ಯದ ಹನಿಯನ್ನೂ ಮುಟ್ಟದ ನಮ್ಮ ಸಮುದಾಯದ ವೈದ್ಯರು, ಅಮಲೇರಿದವರ ಸ್ಥಿತಿಯಲ್ಲಿ ರೋಗಿಯ ಮೈಮೇಲೆ ಕೈಯಿಡುವುದನ್ನು ಸೇವಾನಿಷ್ಠೆಯೆಂದು ಭಾವಿಸಿರುವುದು ವಿಚಿತ್ರ. ನಾನು ಸ್ನಾತಕೋತ್ತರ ವಿದ್ಯಾರ್ಥಿನಿಯಾಗಿದ್ದಾಗ ಒಂದು ಆಸ್ಪತ್ರೆಯಲ್ಲಿ 36 ಗಂಟೆಗಳ ಪಾಳಿ ವಾಡಿಕೆಯಾಗಿತ್ತು. ನಿದ್ದೆಗೆಟ್ಟವನನ್ನು ಅಲ್ಲಿ ಶೂರನೆಂದು ಹೊಗಳುತ್ತಿದ್ದರು. ಅವನ ಕೈಯಲ್ಲಿ ಚುಚ್ಚುಮದ್ದು ಹಾಕಿಸಿಕೊಂಡವರನ್ನು ಯಾರೂ ಕೇಳುತ್ತಿರಲಿಲ್ಲ.

ದೀನ್‌ನ ಉತ್ತರ ಇದಕ್ಕಿಂತ ಬಹಳ ಹಳೆಯದು. ಸಹೀಹ್ ಬುಖಾರಿಯಲ್ಲಿರುವ ಹಝ್ರತ್ ಸಲ್ಮಾನ್ ಫಾರಿಸಿ(ರ) ಮತ್ತು ಹಝ್ರತ್ ಅಬುದ್ದರ್ದಾ(ರ) ಅವರ ಪ್ರಸಂಗವನ್ನು ಓದುಗರು ಕೇಳಿರಬಹುದು. ಪ್ರವಾದಿವರ್ಯರು(ಸ) ಅವರಿಬ್ಬರ ನಡುವೆ ಸಹೋದರತ್ವ ಬೆಸೆದಿದ್ದರು. ಒಮ್ಮೆ ಸಲ್ಮಾನ್(ರ) ಸಹೋದರನ ಮನೆಗೆ ಬಂದಾಗ ಮನೆಯೊಡತಿ ಉಮ್ಮುದ್ದರ್ದಾ(ರ) ಮಾಸಿದ ಬಟ್ಟೆಯಲ್ಲಿದ್ದರು. ಕಾರಣ ಕೇಳಿದರೆ, ನಿಮ್ಮ ಸಹೋದರನಿಗೆ ಇಹಲೋಕದ ಯಾವುದರಲ್ಲೂ ಆಸಕ್ತಿ ಉಳಿದಿಲ್ಲ ಎಂಬ ಉತ್ತರ ಬಂತು. ಹಗಲೆಲ್ಲ ಉಪವಾಸ, ಇರುಳೆಲ್ಲ ನಮಾಝ್. ಸಲ್ಮಾನ್(ರ) ಸಹೋದರನನ್ನು ತಮ್ಮೊಂದಿಗೆ ಊಟಕ್ಕೆ ಕೂರಿಸಿದರು. ರಾತ್ರಿ ಅವರು ನಮಾಝ್‌ಗೆ ಏಳಹೊರಟಾಗ ಮಲಗೆಂದರು. ಮತ್ತೆ ಎದ್ದರು, ಮತ್ತೆ ಮಲಗಿಸಿದರು. ಇರುಳಿನ ಕೊನೆಯ ಜಾವದಲ್ಲಿ, ಈಗ ಏಳು ಎಂದು, ಇಬ್ಬರೂ ಕೂಡಿ ನಮಾಝ್ ನಿರ್ವಹಿಸಿದರು. ನಿನ್ನ ಮೇಲೆ ನಿನ್ನ ಪ್ರಭುವಿಗೆ ಹಕ್ಕಿದೆ, ನಿನ್ನ ಜೀವಕ್ಕೂ ಹಕ್ಕಿದೆ, ನಿನ್ನ ಮನೆಯವರಿಗೂ ಹಕ್ಕಿದೆ. ಪ್ರತಿಯೊಬ್ಬರ ಹಕ್ಕನ್ನೂ ಅವರವರಿಗೆ ಸಲ್ಲಿಸು ಎಂಬುದು ಸಲ್ಮಾನ್(ರ)ರ ಮಾತಿನ ತಾತ್ಪರ್ಯ. ಪ್ರವಾದಿ(ಸ)ರ ಬಳಿ ಈ ವಿಷಯ ಪ್ರಸ್ತಾಪವಾದಾಗ ಅವರು ಸಲ್ಮಾನ್ ನಿಜವನ್ನೇ ಹೇಳಿದ್ದಾನೆಂದರು.

ಇಲ್ಲಿ ಬಳಕೆಯಾಗಿರುವ ಪದವನ್ನು ಗಮನಿಸಬೇಕು: ಹಕ್ಕು. ಕೆಲಸ ಮುಗಿಸಿದ್ದಕ್ಕೆ ಸಿಗುವ ಬಹುಮಾನವಾಗಿ ನಾವು ವಿಶ್ರಾಂತಿಯನ್ನು ನೋಡುತ್ತೇವೆ. ಈ ಪ್ರಸಂಗದಲ್ಲಿ ಅದು ಶರೀರವು ನಮ್ಮಿಂದ ವಸೂಲು ಮಾಡಬಹುದಾದ ಸಾಲ. ಸಾಲ ತೀರಿಸುವವನು ಔದಾರ್ಯ ತೋರುತ್ತಿಲ್ಲ, ಸೋಮಾರಿತನವನ್ನೂ ತೋರುತ್ತಿಲ್ಲ.

ನಾನು ಇದನ್ನು ತಮ್ಮನಂತಿರುವ ಆ ಹುಡುಗನಿಗೆ ಹೇಳಿದೆ. ಅವನು ತಲೆಯಾಡಿಸಿದನಾದರೂ ಪೂರ್ಣ ಒಪ್ಪಿದಂತೆ ಕಾಣಲಿಲ್ಲ. ಆಗ ನಮ್ಮ ನಮಾಝನ್ನೇ ಉದಾಹರಿಸಿದೆ. ನಾವಿಬ್ಬರೂ ಯಾತ್ರಿಕರು. 15 ದಿನಕ್ಕಿಂತ ಕಡಿಮೆ ತಂಗುವವನು ಹನಫಿ ಮದ್‌ಹಬ್‌ನ ಪ್ರಕಾರ ಯಾತ್ರಿಕನೇ. ನಾಲ್ಕು ರಕಅತ್‌ಗಳ ಫರ್ಝ್‌ಗಳನ್ನು ಎರಡಕ್ಕೆ ಇಳಿಸಿ ನಿರ್ವಹಿಸುತ್ತಿದ್ದೆವು. ಮಸೀದಿ ಬೇಕೆಂದರೆ ಬೆಟ್ಟವಿಳಿದು ಹೋಗಬೇಕಾದ ಅವನಿಗೆ ಆ ದಿನ ಜುಮುಆ ಕೂಡ ಕಡ್ಡಾಯವಿರಲಿಲ್ಲ; ಝುಹರ್ ಸಾಕಿತ್ತು. ಭಯದ ಕಾಲ ಕಳೆದ ಮೇಲೂ ಈ ರಿಯಾಯಿತಿ ಏಕೆ ಉಳಿದಿದೆ ಎಂದು ಹಝ್ರತ್ ಉಮರ್(ರ) ಪ್ರವಾದಿ(ಸ)ರಲ್ಲಿ ಕೇಳಿದ್ದರು. ಇದು ಅಲ್ಲಾಹನು ನಿಮಗೆ ಕೊಟ್ಟ ದಾನ, ಅವನ ದಾನವನ್ನು ಸ್ವೀಕರಿಸಿರಿ ಎಂಬರ್ಥದ ಉತ್ತರ ಬಂತೆಂದು ಸಹೀಹ್ ಮುಸ್ಲಿಮ್‌ನಲ್ಲಿದೆ. ಸೇವೆಗೆಂದು ಮನೆ ಬಿಟ್ಟು ಬಂದವರಿಗೆ ಕೊಡುವುದು ಅಭ್ಯಾಸವಾಗಿರುತ್ತದೆ. ಕೈಯೊಡ್ಡಿ ಪಡೆಯುವುದು ಅವರಿಗೆ ಕಷ್ಟ. ಆರಾಧನೆಯಲ್ಲಿಯೇ ಪಡೆದವರು ಕೆಲಸದಲ್ಲಿ ಏಕೆ ಪಡೆಯಬಾರದು?

ಅವನು ನಕ್ಕು, "ಹಾಗಾದರೆ ನಾನು ಮಲಗುತ್ತೇನೆ ಆಪಾ" ಎಂದು ಎದ್ದು ಹೋದ. ಝುಹರ್‌ವರೆಗೆ ಅವನ ಸುಳಿವಿರಲಿಲ್ಲ. ಅಷ್ಟು ದಣಿದಿದ್ದ!

ಹತ್ತು ಗಂಟೆಯ ಸುಮಾರಿಗೆ ಮಂಜು ಕರಗಿ ಬಿಸಿಲು ಬಂತು. ಆಗ ಆ ಭಾಗದ ಆಶಾ ಕಾರ್ಯಕರ್ತೆ ಅತಿಥಿಗೃಹದ ಮೆಟ್ಟಿಲೇರಿ ಬಂದರು. ಸೋಲಿಗರ ಹೆಣ್ಣುಮಗಳು, ವಯಸ್ಸು ನಲವತ್ತರ ಆಸುಪಾಸು. ಮೂರು ದಿನವೂ ನಮ್ಮ ಶಿಬಿರದಲ್ಲಿ ಜನರನ್ನು ಸಾಲಿನಲ್ಲಿ ನಿಲ್ಲಿಸಿದ್ದು, ಮುದುಕರ ಮಾತನ್ನು ನಮಗೆ ತಿಳಿಹೇಳಿದ್ದು, ಯಾರ ಮನೆಯಲ್ಲಿ ಯಾರಿಗೆ ಏನೆಂದು ನೆನಪಿಟ್ಟುಕೊಂಡದ್ದು ಅವರೇ. ಹೆಗಲಲ್ಲಿ ಕಬ್ಬಿಣಾಂಶದ ಮಾತ್ರೆಗಳ ಚೀಲ, ಕೈಯಲ್ಲಿ ದಪ್ಪನೆಯ ರಿಜಿಸ್ಟರ್. ಒಂದು ಪೋಡಿಗೆ ಹೊರಟವರು ಹಿಂದಿನ ದಿನದ ಪಟ್ಟಿಯನ್ನು ಕೇಳಲು ಬಂದಿದ್ದರು. ಇವತ್ತು ನಮಗೆ ರಜೆ ಎಂದೆ. "ಗೊತ್ತು ಮೇಡಂ. ದೊಡ್ ಡಾಕ್ಟ್ರು ಹೇಳಿದ್ರು" ಎಂದರು. ನಿಮಗೆ? ಎಂದು ಕೇಳಿದೆ. ಅವರು ಮೆಟ್ಟಿಲ ಮೇಲೆ ಚೀಲವಿಳಿಸಿ ನಕ್ಕರು.

ಚಹಾ ತರಿಸಿದೆ. ಶಿಬಿರದ ಮೂರು ದಿನಗಳಲ್ಲಿ ಅವರೊಡನೆ ನಾನು ನೂರಾರು ಬಾರಿ ಮಾತನಾಡಿದ್ದೆ, ಎಲ್ಲವೂ ಯಾರೋ ಒಬ್ಬ ರೋಗಿಯ ಕುರಿತು. ಎದುರುಬದುರು ಕುಳಿತದ್ದು ಇದೇ ಮೊದಲು. ಬುಧವಾರದ ಆ ಹುಡುಗಿ ಹೇಗಿದ್ದಾಳೆಂದು ಕೇಳಿದೆ.

"ನೋವು ಕಮ್ಮಿಯಾಯ್ತು. ನೆನ್ನೆಯಿಂದ ತೋಟಕ್ಕೆ ಹೋಗ್ತಾವಳೆ."

ಅದು ಕಾಫಿ ಕೊಯ್ಲಿನ ಕಾಲ. ತಾಯಿ ಮಗಳು ಇಬ್ಬರೂ ಕೊಯ್ಲಿಗೆ ಹೋಗುತ್ತಾರೆ. ವಿಶ್ರಾಂತಿ ಬೇಕೆಂದು ನಾನು ಬರೆದಿದ್ದೆನಲ್ಲ ಎಂದೆ. ಅವರ ಮಾತಿನಲ್ಲಿ ಆಕ್ಷೇಪವೇನೂ ಇರಲಿಲ್ಲ. ದಾರಿ ಕೇಳಿದವರಿಗೆ ದಾರಿ ಹೇಳುವಂತೆ ಹೇಳಿದರು: "ಮಾತ್ರೆ ನೀವೇ ಕೊಟ್ರಿ ಮೇಡಂ. ರೆಸ್ಟು ಎಲ್ಲಿ ಕೊಡ್ತಾರೆ?"

ವೈದ್ಯವೃತ್ತಿಯಲ್ಲಿ ನಾವು ಬರೆಯುವ ಔಷಧಗಳಲ್ಲಿ ಅತ್ಯಂತ ದುಬಾರಿಯಾದದ್ದು ವಿಶ್ರಾಂತಿಯೇ. ಅದನ್ನು ಯಾವ ಔಷಧಾಲಯವೂ ಉಚಿತವಾಗಿ ಕೊಡುವುದಿಲ್ಲ. ದಿನಗೂಲಿಯವರ ಪಾಲಿಗೆ ಒಂದು ದಿನದ ವಿಶ್ರಾಂತಿಯ ಬೆಲೆ ಒಂದು ದಿನದ ಅಕ್ಕಿ. ನಮ್ಮ ಪೂರ್ವಿಕರಿಗೆ ಇದು ತಿಳಿದಿತ್ತು. ಸುಲ್ತಾನ್ ಕಲಾವೂನ್ 1284ರಲ್ಲಿ ಕೈರೋದಲ್ಲಿ ಕಟ್ಟಿಸಿದ ಮನ್ಸೂರಿ ಆಸ್ಪತ್ರೆಯಲ್ಲಿ, ಗುಣಮುಖರಾಗಿ ಮನೆಗೆ ಹೊರಟ ಬಡವರ ಕೈಗೆ ಹಣ ಕೊಟ್ಟು ಕಳುಹಿಸುತ್ತಿದ್ದರೆಂದು ಇತಿಹಾಸಕಾರರು ಬರೆಯುತ್ತಾರೆ. ಹೊರಬಂದವನು ಮರುದಿನವೇ ಮೂಟೆ ಹೊರಲು ಹೋಗಬಾರದೆಂಬುದು ಅದರ ಉದ್ದೇಶ. ಆ ಖರ್ಚು ವಕ್ಫ್ ಆದಾಯದಿಂದ ನಡೆಯುತ್ತಿತ್ತು. ಇಂದು ನಮ್ಮ ಝಕಾತ್ ಮತ್ತು ಸದಕಾ ಹಣದಿಂದ ಶಸ್ತ್ರಚಿಕಿತ್ಸೆಗಳಿಗೆ ನೆರವಾಗುವ ಸಮಿತಿಗಳು ದಕ್ಷಿಣ ಬೆಂಗಳೂರಿನ ಬಹುತೇಕ ಮಸೀದಿಗಳ ಸುತ್ತ ಇವೆ. ಆಸ್ಪತ್ರೆಯ ಬಿಲ್ಲು ಕಟ್ಟುತ್ತೇವೆ, ಔಷಧದ ಬಿಲ್ಲೂ ಕಟ್ಟುತ್ತೇವೆ. ಹೊಲಿಗೆ ಒಣಗುವವರೆಗಿನ ಹದಿನೈದು ದಿನಗಳ ಕೂಲಿಯನ್ನು ಚಿಕಿತ್ಸೆಯ ವೆಚ್ಚವೆಂದು ಎಷ್ಟು ಸಮಿತಿಗಳು ಲೆಕ್ಕಕ್ಕೆ ಹಿಡಿಯುತ್ತವೆ? ತಿಲಕನಗರದ ಒಬ್ಬ ಆಟೋ ಚಾಲಕರಿಗೆ ಹರ್ನಿಯಾ ಶಸ್ತ್ರಚಿಕಿತ್ಸೆಯಾದ ಏಳನೆಯ ದಿನವೇ ಅವರು ಸ್ಟಿಯರಿಂಗ್ ಹಿಡಿದು ಕುಳಿತದ್ದನ್ನು ನಾನು ನೋಡಿದ್ದೇನೆ.

ಆಶಾ ಕಾರ್ಯಕರ್ತೆಯರ ಸ್ಥಿತಿಯೂ ಬೇರೆಯಲ್ಲ. 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನದೊಂದಿಗೆ ಆರಂಭವಾದ ಈ ವ್ಯವಸ್ಥೆಯಲ್ಲಿ ಅವರು ಕಾಗದದ ಮೇಲೆ ಸ್ವಯಂಸೇವಕಿಯರು. ಅವರಿಗೆ ಸಿಗುವುದು ಗೌರವಧನ ಮತ್ತು ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅವರನ್ನು ಜಾಗತಿಕ ಪ್ರಶಸ್ತಿಯಿಂದ ಗೌರವಿಸಿತು. 2025ರ ಜನವರಿಯಲ್ಲಿ ಕರ್ನಾಟಕದ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲಿರುಳು ಧರಣಿ ಕುಳಿತ ಬಳಿಕ, ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ದೊರೆಯಿತು. ಸ್ವಯಂಸೇವಕರೆಂಬ ಪದ ನಮಗೂ ಅವರಿಗೂ ಒಂದೇ. ನಮಗೆ ಅದು ವರ್ಷಕ್ಕೊಂದು ವಾರ, ಅದರಲ್ಲಿಯೂ ಒಂದು ದಿನ ರಜೆ. ನಾವು ರಜೆಯಲ್ಲಿದ್ದ ಆ ಶುಕ್ರವಾರವೂ ಆ ಬೆಟ್ಟದಲ್ಲಿ ಆರೋಗ್ಯಸೇವೆ ನಿಂತಿರಲಿಲ್ಲ. ಅದು ಚೀಲ ಹೊತ್ತು ನಡೆದು ಹೋಗುತ್ತಿತ್ತು.

ಯಾರದೇ ವಿಶ್ರಾಂತಿಯಾದರೂ ಇನ್ನೊಬ್ಬರ ದುಡಿಮೆಯ ಮೇಲೆ ನಿಂತಿರುತ್ತದೆ. ಸಲ್ಮಾನ್(ರ)ರ ಪ್ರಸಂಗವನ್ನು ನಾವು ಹೇಳುವಾಗ ಇಬ್ಬರು ಮಹನೀಯರನ್ನು ನೆನೆಯುತ್ತೇವೆ. ಮೊದಲಿಗೆ ಬಾಗಿಲಲ್ಲಿ ಕಂಡ ಉಮ್ಮುದ್ದರ್ದಾ(ರ)ರನ್ನು ಮರೆಯುತ್ತೇವೆ. ಸಲ್ಮಾನ್(ರ) ಸಮಸ್ಯೆಯನ್ನು ಗುರುತಿಸಿದ್ದೇ ಆಕೆಯ ಮುಖ ನೋಡಿ. ನಾನು ಬೆಟ್ಟದಲ್ಲಿದ್ದ ವಾರ ಜೆ.ಪಿ. ನಗರದ ನಮ್ಮ ಮನೆಯಲ್ಲಿ ಮಕ್ಕಳ ಊಟ, ಬಟ್ಟೆ, ಪಾಠಗಳನ್ನು ನನ್ನ ಅತ್ತೆಯವರು ನೋಡಿಕೊಳ್ಳುತ್ತಿದ್ದರು. ಅವರಿಗೆ ಅರವತ್ತೆಂಟು. ಪುಣ್ಯದ ಪಾಲು ಹಂಚುವುದಾದರೆ ಅವರಿಗೆ ನನಗಿಂತ ಕಡಿಮೆಯಿಲ್ಲ.

ಈ ಮಾತು ಬಂದಾಗ ಇನ್ನೊಂದನ್ನೂ ಹೇಳಿಬಿಡುತ್ತೇನೆ, ಓದುಗರು ಬೇಸರಿಸಬಾರದು. ನಮ್ಮ ಬಡಾವಣೆಗಳ ಮನೆಗಳು ನಡೆಯುವುದು ಬೆಳಗ್ಗೆ ಆರಕ್ಕೆ ಬಸ್ಸಿಳಿದು ಬರುವ ಹೆಂಗಸರಿಂದ. ಮನೆಗೆಲಸದವರಿಗೂ ಕನಿಷ್ಠ ವೇತನ ಇರಬೇಕೆಂದು ಕರ್ನಾಟಕ 2004ರಲ್ಲಿಯೇ ಅಧಿಸೂಚನೆ ಹೊರಡಿಸಿತು. ಆದರೂ ವಾರದ ರಜೆಯೆಂದರೆ ಅನೇಕ ಮನೆಗಳಲ್ಲಿ ಇನ್ನೂ ಚೌಕಾಸಿ. ರಮಝಾನ್‌ನಲ್ಲಂತೂ ಇಫ್ತಾರ್ ಅಡುಗೆಯ ಹೊರೆ ಇಮ್ಮಡಿ, ಉಪವಾಸವಿರುವ ಆಕೆಯ ರಜೆ ಸೊನ್ನೆ. ನಿಮ್ಮ ಕೈಕೆಳಗಿನವರು ನಿಮ್ಮ ಸಹೋದರರು, ಅವರ ಶಕ್ತಿಗೆ ಮೀರಿದ್ದನ್ನು ಹೊರಿಸಬೇಡಿ, ಹೊರಿಸಿದರೆ ನೀವೂ ಕೈಜೋಡಿಸಿ ಎಂಬರ್ಥದ ಪ್ರವಾದಿ(ಸ)ವಚನವನ್ನು ಹಝ್ರತ್ ಅಬೂದರ್(ರ) ವರದಿ ಮಾಡಿದ್ದಾರೆ. ಅದನ್ನು ಭಾಷಣಗಳಲ್ಲಿ ಕೇಳಿ ಕಣ್ಣೊರೆಸಿಕೊಂಡವರು ಮನೆಗೆ ಬಂದು ಇಪ್ಪತ್ತು ಬಗೆಯ ತಿನಿಸಿನ ಪಟ್ಟಿ ಕೊಡುವುದುಂಟು.

ಬೆಟ್ಟದ ವಿಷಯಕ್ಕೆ ಮರಳುತ್ತೇನೆ. ಚಹಾ ಮುಗಿಸಿ ಎದ್ದ ಆಶಾ ಕಾರ್ಯಕರ್ತೆ ಚೀಲ ಹೆಗಲಿಗೇರಿಸುತ್ತಾ, "ಶನಿವಾರ ಆ ಪೋಡಿಗೆ ಬರ್ತೀರಂತೆ. ಭಾನುವಾರ ಬಂದ್ರೆ ಚೆಂದ" ಎಂದರು. ಏಕೆಂದು ಕೇಳಿದೆ. ಶನಿವಾರ ಅಲ್ಲಿ ಮುದುಕರು ಮಕ್ಕಳ ಹೊರತು ಯಾರೂ ಇರುವುದಿಲ್ಲ. ತೋಟಕ್ಕೆ ವಾರದ ರಜೆ ಭಾನುವಾರ. 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲಿಯೇ ಏಳು ದಿನಕ್ಕೊಂದು ದಿನದ ಬಿಡುವಿಗೆ ಅವಕಾಶವಿತ್ತು. ಕೊಯ್ಲಿನ ಕಾಲದಲ್ಲಿ ಆ ಹೆಂಗಸರು ಹಗಲು ಹೊತ್ತು ಮನೆಯಲ್ಲಿ ಸಿಗುವುದು ಅಂದು ಮಾತ್ರ. ಮೂರು ದಿನವೂ ದುಡಿಯುವ ವಯಸ್ಸಿನ ಹೆಂಗಸರು ಏಕೆ ಕಾಣಲಿಲ್ಲವೆಂಬುದಕ್ಕೆ ಉತ್ತರ ಸಿಕ್ಕಿತು. ರಕ್ತಹೀನತೆಗೆ ಎಲ್ಲರಿಗಿಂತ ಮೊದಲು ಚಿಕಿತ್ಸೆ ಸಿಗಬೇಕಾದವರು ಅವರೇ. ಸಾಲಿನ ಗದ್ದಲದಲ್ಲಿ ಆಕೆಗೆ ಹೇಳಲು, ನಮಗೆ ಕೇಳಲು ಪುರುಸೊತ್ತು ಎಲ್ಲಿತ್ತು?

ನಾನು ಹಿರಿಯರ ಬಳಿ ಹೋಗಿ ಹೇಳಿದೆ. ಅವರು ಬಿಸಿಲಲ್ಲಿ ಕುರ್ಚಿ ಹಾಕಿಕೊಂಡು ಪತ್ರಿಕೆ ಓದುತ್ತಿದ್ದರು. ಭಾನುವಾರ ಬೆಳಗ್ಗೆ ಹೊರಟು ಮಧ್ಯಾಹ್ನಕ್ಕೆ ಬೆಂಗಳೂರು ಸೇರುವುದೆಂದು ನಮ್ಮ ಯೋಜನೆ. ಸೋಮವಾರ ಎಲ್ಲರಿಗೂ ಕೆಲಸವಿತ್ತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಭಾನುವಾರ ಮೂರು ಗಂಟೆಯವರೆಗೆ ಇರೋಣ. ಕತ್ತಲಾಗುವ ಮೊದಲು ಠಾಣೆ ದಾಟಿದರಾಯಿತು" ಎಂದರು. ಬಳಿಕ, ಕನ್ನಡಕ ತೆಗೆದು ಒರೆಸುತ್ತಾ, "ಆದರೆ ಅಮ್ಮಾ, ವಾರಕ್ಕೊಂದೇ ದಿನ ಅವರಿಗೆ ಬಿಡುವು. ಅದನ್ನೂ ನಾವು ಸಾಲಿನಲ್ಲಿ ನಿಲ್ಲಿಸಿ ತಿಂದುಹಾಕುವುದೇ?" ಎಂದು ಕೇಳಿದರು. ಹಕ್ಕಿನ ಮಾತನ್ನು ಬೆಳಗ್ಗೆಯಿಂದ ಯೋಚಿಸುತ್ತಿದ್ದವಳು ನಾನು. ಅದನ್ನು ಇಷ್ಟು ದೂರ ಒಯ್ದವರು ಅವರು.

ಆ ಸಂಜೆ ಎಲ್ಲರೂ ಕುಳಿತು ಒಂದು ತೀರ್ಮಾನಕ್ಕೆ ಬಂದೆವು. ಭಾನುವಾರ ಶಾಮಿಯಾನ ಬೇಡ, ಮೇಜು ಬೇಡ, ಸಾಲು ಬೇಡ. ಇಬ್ಬಿಬ್ಬರಂತೆ ಗುಡಿಸಲಿನಿಂದ ಗುಡಿಸಲಿಗೆ ನಾವೇ ಹೋಗುವುದು. ನೀರು ತರುವವರು ತರುತ್ತಿರಲಿ, ತಲೆ ಬಾಚುವವರು ಬಾಚುತ್ತಿರಲಿ, ಅವರಿದ್ದಲ್ಲಿಯೇ ರಕ್ತ ಪರೀಕ್ಷೆ. ಆಶಾ ಕಾರ್ಯಕರ್ತೆಗೆ ಶನಿವಾರ ಪೂರ್ಣ ಬಿಡುವು ಕೊಡಬೇಕೆಂದು ಹಿರಿಯರು ಹೇಳಿದರು. ಆಕೆ ಒಪ್ಪಲಿಲ್ಲ, ಅರ್ಧ ದಿನಕ್ಕೆ ಒಪ್ಪಿದರು. ಆ ಅರ್ಧ ದಿನ ಅವರು ತಮ್ಮ ಮನೆಯ ರಾಗಿ ಒಣಹಾಕಿದರೆಂದು ಆಮೇಲೆ ತಿಳಿಯಿತು. ಬುಧವಾರದ ಹುಡುಗಿಯ ಎರಡು ವಾರದ ಕೂಲಿಯನ್ನು ಔಷಧದ ಲೆಕ್ಕದಲ್ಲಿಯೇ ಬರೆಯೋಣವೆಂದು ನಾನು ಸೂಚಿಸಿದೆ. ಲೆಕ್ಕ ಬರೆಯುವ ಯುವಕ ಯಾವ ಔಷಧದ ಹೆಸರು ಹಾಕಲಿ ಎಂದು ಕೇಳಿದ. 'ವಿಶ್ರಾಂತಿ, ಹದಿನಾಲ್ಕು ದಿನ' ಎಂದು ಬರೆಯಲು ಹೇಳಿದರು ಹಿರಿಯರು. ಹಾಗೆಯೇ ಬರೆದ.

ಭಾನುವಾರ ನಾವು ಪೋಡು ತಲುಪಿದಾಗ ಎಂಟೂವರೆ. ಮೂರನೆಯ ಗುಡಿಸಲ ಮುಂದೆ, ಬಿಸಿಲು ಬಿದ್ದ ಜಗಲಿಯ ಮೇಲೆ, ಹಳೆಯ ಕಂಬಳಿ ಹೊದ್ದು ಒಬ್ಬ ಹೆಂಗಸು ಗಾಢ ನಿದ್ದೆಯಲ್ಲಿದ್ದರು. ಮಗ್ಗುಲಲ್ಲಿ ಒಂದು ಮಗು. ನಮ್ಮ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಆಶಾ ಕಾರ್ಯಕರ್ತೆ ಕೆಂಪು ಗೆರೆ ಎಳೆದಿದ್ದರು: ಐದು ತಿಂಗಳ ಗರ್ಭಿಣಿ, ತಲೆಸುತ್ತು. ನರ್ಸ್ ಎಬ್ಬಿಸಲು ಕೈ ಚಾಚಿದಾಗ ಆಶಾ ಕಾರ್ಯಕರ್ತೆ ತುಟಿಗೆ ಬೆರಳಿಟ್ಟರು. ನಾವು ಮುಂದಿನ ಮನೆಗೆ ಹೋದೆವು, ಅದರ ಮುಂದಿನದಕ್ಕೂ. ಮರಳಿ ಬಂದಾಗಲೂ ಅವರು ಎದ್ದಿರಲಿಲ್ಲ. ಮಗು ಮಾತ್ರ ಎದ್ದು ಕುಳಿತು ನಮ್ಮನ್ನು ನೋಡುತ್ತಿತ್ತು. ಮತ್ತೊಂದು ಸುತ್ತು ಹೋಗಿ ಬಂದೆವು. ಹನ್ನೊಂದರ ಹೊತ್ತಿಗೆ ಅವರು ಎದ್ದು ಮುಖ ತೊಳೆದು, ಅಂಗಳದಲ್ಲಿ ನಮಗೆ ಚಾಪೆ ಹಾಸಿದರು. ಹಿಮೋಗ್ಲೋಬಿನ್ 7.8 ಇತ್ತು.